ಜಾವಾ, ಯೆಜ್ಡಿ ಎಂಜಿನ್ ಕಟ್ಟುವಾಗ ಒರಿಜಿನಲ್ ಪಾರ್ಟ್ ಗುರುತಿಸುವ ಬಗೆ

ಜಾವಾ, ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದೀಚೆಗೆ ಮೈಸೂರು, ಮಂಡ್ಯ ಸೀಮೆಯ ಒಂದೊಂದು ಜಾವಾ ಎಂಜಿನ್ನೂ ಹತ್ತಾರು ಕೈ ದಾಟಿದೆ. ಒಂದು ಗಾಡಿಯ ಕೇಸು, ಇನ್ನೊಂದರ ಬ್ಲಾಕು (ಪಿಸ್ಟನ್ ಓಡಾಡುವ ಸಿಲಿಂಡರ್), ಗುಜರಿಯಿಂದ ತಂದ ಕ್ರ್ಯಾಂಕು, ಯಾರೋ ಎರಕ ಹೊಯ್ದ ಕವರು, ಇವೆಲ್ಲ ಸೇರಿ ಒಂದು ಎಂಜಿನ್ ಆಗಿರುತ್ತದೆ. ಹೊರಗೆ ಪಾಲಿಶ್ ಹೊಡೆದರೆ ಎಲ್ಲವೂ ಒಂದೇ ಥರ ಹೊಳೆಯುತ್ತವೆ. ಯಾವುದು ಕಾರ್ಖಾನೆಯದು, ಯಾವುದು ಡೂಪ್ಲಿಕೇಟ್ ಎಂದು ಹೇಳಲು ಪಾರ್ಟ್ ಮೇಲಿನ ಹೆಸರನ್ನು ನಂಬಿ ಕೂತರೆ ಆಗದು. ಹೆಸರನ್ನು ಅಚ್ಚಿನಲ್ಲಿ ಯಾರು ಬೇಕಾದರೂ ಮೂಡಿಸಬಹುದು. ಅಳತೆ, ಲೋಹ, ಸವೆತ ಈ ಮೂರನ್ನು ನಕಲು ಮಾಡುವುದು ಕಷ್ಟ.

ಇಲ್ಲಿ ಹೇಳುವುದೆಲ್ಲ 250 ಸಿಸಿ ಸಿಂಗಲ್ ಸಿಲಿಂಡರ್ ಟೂ ಸ್ಟ್ರೋಕ್ ಎಂಜಿನ್ನಿಗೆ. 2018ರಲ್ಲಿ ಮತ್ತೆ ಬಂದ ಜಾವಾದ ಎಂಜಿನ್ ಫೋರ್ ಸ್ಟ್ರೋಕ್, 293 ಸಿಸಿ. ಅದಕ್ಕೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಶೋರೂಮಿಗೆ ಹೋಗಿ ಹಳೆ ಗಾಡಿಯ ಪಿಸ್ಟನ್ ಕೇಳುವವರು ಈಗಲೂ ಇದ್ದಾರೆ, ಅದಕ್ಕೇ ಈ ಮಾತು.

ಬೇಕಾದ ಸಾಮಾನು ಹೆಚ್ಚಿಲ್ಲ. ಒಳ್ಳೆಯ ವರ್ನಿಯರ್, 50–75 ಮಿ.ಮೀ. ಮೈಕ್ರೋಮೀಟರ್, ಫೀಲರ್ ಗೇಜ್, ತ್ರೆಡ್ ಗೇಜ್, ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ತಕ್ಕಡಿ, ಆಯಸ್ಕಾಂತ, ದಪ್ಪನೆಯ ಗಾಜಿನ ತುಂಡು, ಹರಿತವಾದ ಸಣ್ಣ ಅರ. ಬೋರ್ ಗೇಜ್ ಮತ್ತು ಡಯಲ್ ಗೇಜ್ ನಿಮ್ಮ ಹತ್ತಿರ ಇಲ್ಲದಿದ್ದರೆ ರೀಬೋರ್ ಮಾಡುವ (ಸವೆದ ಬ್ಲಾಕಿನ ಒಳಗನ್ನು ಮತ್ತೆ ಕೊರೆಯುವ) ಲೇತ್ ಅಂಗಡಿಯಲ್ಲಿ ಇರುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಮಾಡೆಲ್‌ನ ಪಾರ್ಟ್ಸ್ ಬುಕ್. ಝೆರಾಕ್ಸ್ ಆದರೂ ಸರಿ, ಚಿತ್ರ ಸ್ಪಷ್ಟ ಕಾಣಬೇಕು.

ಬಿಚ್ಚುವ ಮೊದಲು

ಎಂಜಿನ್ ತೊಳೆಯಬೇಡಿ. ಮೊದಲು ನೋಡಿ, ಫೋಟೋ ತೆಗೆಯಿರಿ. ಯಾವ ಸ್ಕ್ರೂ ತಲೆ ಉಳಿಯಿಂದ ಹೊಡೆಸಿಕೊಂಡಿದೆ, ಎಲ್ಲಿ ಗ್ಯಾಸ್ಕೆಟ್ ಬದಲು ಬರೀ ಪೇಸ್ಟ್ ಹಚ್ಚಿದ್ದಾರೆ, ಎಲ್ಲಿ ಎಣ್ಣೆ ಒಸರಿ ಮಣ್ಣು ಕಟ್ಟಿದೆ ಎಂಬುದೆಲ್ಲ ಹಿಂದಿನವರು ಎಲ್ಲೆಲ್ಲಿ ಕೈ ಹಾಕಿದ್ದಾರೆ ಎಂದು ಹೇಳುತ್ತದೆ. ಡೀಸೆಲ್ ಹಾಕಿ ತೊಳೆದುಬಿಟ್ಟರೆ ಆ ಸಾಕ್ಷಿ ಹೋಯಿತು.

ಮಾಡೆಲ್ ಯಾವುದೆಂದು ಮೊದಲೇ ಖಚಿತ ಮಾಡಿಕೊಳ್ಳಿ. ಜಾವಾ ಹೆಸರಿನ ಹಳೆಯವು ಜೆಕ್ ದೇಶದ ಜಾವಾ 353 ಮಾಡೆಲ್‌ನ ವಂಶ. 1973ರಿಂದ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. ಬೋರ್ (ಬ್ಲಾಕಿನ ಒಳವ್ಯಾಸ) 65, ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 75 ಮಿ.ಮೀ. ಎಂದ ಮಾತ್ರಕ್ಕೆ ಒಂದರ ಪಿಸ್ಟನ್, ಬ್ಲಾಕ್ ಇನ್ನೊಂದಕ್ಕೆ ಆಗುತ್ತದೆ ಎಂದುಕೊಳ್ಳಬೇಡಿ. ಕೂರುವುದು ಬೇರೆ, ಹೊಂದುವುದು ಬೇರೆ. ಆಯಿಲ್ ಕಿಂಗ್ ಮಾಡೆಲ್‌ಗೆ ಬೇರೆಯದೇ ಆಯಿಲ್ ಪಂಪ್ ಇತ್ತು. ಬಹಳ ಕಡೆ ಅದನ್ನು ಕಿತ್ತು ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುತ್ತಾರೆ. ಪಂಪ್ ಇದ್ದ ಜಾಗ ಖಾಲಿ ಕಂಡರೆ ಪಾರ್ಟ್ ಕಳೆದಿದೆ ಎಂದು ಗುರುತು ಹಾಕಿಕೊಳ್ಳಿ.

ಆಮೇಲೆ ಎಂಜಿನ್ ನಂಬರ್. ಬಣ್ಣ, ಜಿಡ್ಡು ತೆಗೆಯಲು ಥಿನ್ನರ್ ಮತ್ತು ಹಲ್ಲುಜ್ಜುವ ಹಳೆ ಬ್ರಷ್ ಸಾಕು. ಎಮರಿ ಪೇಪರ್, ವೈರ್ ಬ್ರಷ್ ಮುಟ್ಟಿಸಬೇಡಿ. ನೀವೇ ಅಳಿಸಿದ ಹಾಗೆ ಕಾಣುತ್ತದೆ, ಆರ್‌ಟಿಒ ಇನ್‌ಸ್ಪೆಕ್ಟರ್‌ಗೆ ಸಮಜಾಯಿಷಿ ಕೊಡುತ್ತ ಕೂರಬೇಕಾಗುತ್ತದೆ. ತೆಳ್ಳನೆಯ ಕಾಗದ ಒತ್ತಿ ಹಿಡಿದು, ಮೆತ್ತನೆಯ ಪೆನ್ಸಿಲನ್ನು ಮಲಗಿಸಿ ತೀಡಿ ಪ್ರಿಂಟ್ ತೆಗೆಯಿರಿ. ಕಣ್ಣಿಗೆ ಕಾಣದ್ದು ಈ ಪ್ರಿಂಟಿನಲ್ಲಿ ಕಾಣುತ್ತದೆ: ಅಂಕಿಯ ಕೆಳಗೆ ಒಂದೇ ದಿಕ್ಕಿಗೆ ಓಡುವ ಗ್ರೈಂಡಿಂಗ್ ಗೆರೆ, ಹಳೆ ಅಂಕಿಯ ಮಸುಕು ನೆರಳು, ವೆಲ್ಡಿಂಗ್ ತೂತುಗಳ ಚುಕ್ಕಿ. ಅಂಕಿಗಳು ಸೊಟ್ಟಗಿವೆ, ಒಂದು ಆಳ ಇನ್ನೊಂದು ಮೇಲೆ ಇದೆ ಎಂಬುದಷ್ಟೇ ನಕಲಿಗೆ ಪುರಾವೆಯಲ್ಲ. ಕೈಯಿಂದ ಪಂಚ್ ಮಾಡಿದರೆ ಹಾಗಾಗುವುದು ಸಹಜ. ನಂಬರ್ ಇರುವ ಜಾಗ ಸುತ್ತಲಿನ ಎರಕಕ್ಕಿಂತ ತಗ್ಗಾಗಿದ್ದರೆ ಮಾತ್ರ ಎಚ್ಚರ. ಆರ್‌ಸಿ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. 1 ಇದ್ದಲ್ಲಿ 7 ಬರೆದಿರುವಂಥ ಕಾರಕೂನರ ತಪ್ಪು ಹಳೆ ಆರ್‌ಸಿಗಳಲ್ಲಿ ಉಂಟು, ಅದನ್ನು ಅರ್ಜಿ ಕೊಟ್ಟು ತಿದ್ದಿಸಬಹುದು. ಪೂರ್ತಿ ಬೇರೆ ನಂಬರ್ ಇದ್ದರೆ ಆ ಎಂಜಿನ್ನಿಗೆ ದುಡ್ಡು ಹಾಕುವ ಮೊದಲು ಕಾಗದ ಪತ್ರ ಬಗೆಹರಿಸಿ.

ಕೇಸು ಜೋಡಿ ಹೌದೋ ಅಲ್ಲವೋ

ಎಂಜಿನ್ನಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕ್ರ್ಯಾಂಕ್ ಕೇಸಿನ ಎರಡು ಹೋಳು. ಕಾರ್ಖಾನೆಯಲ್ಲಿ ಎರಡನ್ನೂ ಜೋಡಿಸಿಯೇ ಬೇರಿಂಗ್ ಮನೆ ಕೊರೆಯುತ್ತಿದ್ದರು, ಬ್ಲಾಕ್ ಕೂರುವ ಮುಖವನ್ನು ಮಟ್ಟ ಮಾಡುತ್ತಿದ್ದರು. ಆದ್ದರಿಂದ ಎಡ ಬಲ ಹೋಳು ಹುಟ್ಟಿನಿಂದ ಜೋಡಿ. ಒಂದು ಹೋಳು ಒಡೆದಾಗ ಗುಜರಿಯಿಂದ ಇನ್ನೊಂದು ತಂದು ಕೂಡಿಸಿದ ಎಂಜಿನ್‌ಗಳು ಎಷ್ಟೋ ಇವೆ.

ಪರೀಕ್ಷೆ ಹೀಗೆ. ಎರಡೂ ಹೋಳಿನ ಮುಖದ ಹಳೆ ಗ್ಯಾಸ್ಕೆಟ್, ಪೇಸ್ಟ್ ಕೆರೆದು ತೆಗೆಯಿರಿ. ಕ್ರ್ಯಾಂಕ್ ಹಾಕದೆ ಕೇಸನ್ನು ಬೋಲ್ಟ್ ಬಿಗಿದು ಜೋಡಿಸಿ. ಬ್ಲಾಕ್ ಕೂರುವ ಬಾಯಿಯ ಮೇಲೆ ಸ್ಟೀಲ್ ಪಟ್ಟಿಯನ್ನು ಅಡ್ಡಲಾಗಿ ಇಡಿ. ಜೋಡಣೆಯ ಗೆರೆಯ ಹತ್ತಿರ 0.05 ಮಿ.ಮೀ. ಫೀಲರ್ ತೂರದಿದ್ದರೆ ಸರಿ. 0.10 ಸಲೀಸಾಗಿ ತೂರಿದರೆ ಹೋಳುಗಳು ಬೇರೆ ಬೇರೆ ಮನೆಯವು ಎಂಬ ಗುಮಾನಿ ಗಟ್ಟಿ. ಈ ಮೆಟ್ಟಿಲಿನಿಂದಲೇ ಬ್ಲಾಕ್ ಬುಡದ ಗ್ಯಾಸ್ಕೆಟ್ ಗಾಳಿ ಎಳೆಯುತ್ತದೆ, ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಬೆಂಗಳೂರು ರಸ್ತೆಯಲ್ಲಿ ಒಂದೇ ಸಮ ಓಡಿಸಿದಾಗ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎರಡನೆಯ ಗುರುತು ಎಂದರೆ, ಕ್ರ್ಯಾಂಕ್ ಹಾಕಿ ಬೋಲ್ಟ್ ಬಿಗಿಯುತ್ತ ಹೋದಂತೆ ತಿರುಗುವುದು ಬಿಗಿಯಾಗುತ್ತದೆ. ಸುತ್ತಿಗೆಯಿಂದ ಎರಡು ಏಟು ಕೊಟ್ಟು ಸರಿಮಾಡುವವರಿದ್ದಾರೆ. ಅದು ಕ್ರ್ಯಾಂಕನ್ನು ಸೊಟ್ಟ ಮಾಡುವ ದಾರಿ, ಬೇರೇನಲ್ಲ.

ಬೇರಿಂಗ್ ಮನೆಯನ್ನೂ ನೋಡಿ. ಒಳಗೋಡೆಯ ಮೇಲೆ ಸುತ್ತ ಚುಕ್ಕಿ ಚುಕ್ಕಿ ಪಂಚ್ ಏಟು ಕಂಡರೆ, ಬೇರಿಂಗ್ ಸಡಿಲವಾಗಿ ಸುತ್ತುತ್ತಿತ್ತು, ಅದನ್ನು ನಿಲ್ಲಿಸಲು ಯಾರೋ ಮಾಡಿದ ಉಪಾಯ ಅದು. ಒಳ್ಳೆಯ ಕೇಸಿನಲ್ಲಿ ಬೇರಿಂಗ್ ತಣ್ಣಗಿರುವಾಗ ಕೂರಬಾರದು. ಕೇಸನ್ನು ನೀರಿನ ಹನಿ ಚುರ್ ಎನ್ನುವಷ್ಟು, ಸುಮಾರು 100 ಡಿಗ್ರಿ ಕಾಯಿಸಿದಾಗ ತನ್ನ ಭಾರಕ್ಕೇ ಇಳಿಯಬೇಕು. ತಣ್ಣಗೇ ಇಳಿದರೆ ಮನೆ ಹೋಗಿದೆ. ಆಗ ಬುಷ್ ಹಾಕಿಸಿ ಮತ್ತೆ ಕೊರೆಸಬೇಕು. ಅದನ್ನೂ ಎರಡು ಹೋಳು ಜೋಡಿಸಿಯೇ ಕೊರೆಯುವ ಲೇತಿನವರ ಹತ್ತಿರ ಮಾತ್ರ.

ಬ್ಲಾಕ್ ಮತ್ತು ಪಿಸ್ಟನ್

ಹಳೆ ಜಾವಾದ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯುಮಿನಿಯಂ. ಎಕ್ಸಾಸ್ಟ್ ಬಾಯಿ ಎರಡು. ಬ್ಲಾಕನ್ನು ತಲೆಕೆಳಗು ಮಾಡಿ ಒಳಗೆ ಬೆರಳಾಡಿಸಿ. ಕಾರ್ಖಾನೆಯ ಬ್ಲಾಕಿನಲ್ಲಿ ಪ್ರತಿ ಕಿಟಕಿಯ (ಮಿಶ್ರಣ, ಹೊಗೆ ಹಾದುಹೋಗುವ ತೂತಿನ) ಅಂಚನ್ನೂ ನಯವಾಗಿ ಇಳಿಜಾರು ಮಾಡಿರುತ್ತಾರೆ. ಡೂಪ್ಲಿಕೇಟಿನಲ್ಲಿ ಅಂಚು ಚಾಕುವಿನಂತೆ ಕುಯ್ಯುತ್ತದೆ. ಆ ಅಂಚಿಗೆ ರಿಂಗ್ ಸಿಕ್ಕಿ ಮುರಿಯುತ್ತದೆ. ಒಂದು ಎಚ್ಚರಿಕೆ: ಒರಿಜಿನಲ್ ಬ್ಲಾಕನ್ನೇ ರೀಬೋರ್ ಮಾಡಿಸಿ ಅಂಚು ಒರೆಸದೆ ಬಿಟ್ಟಿದ್ದರೂ ಹೀಗೇ ಕುಯ್ಯುತ್ತದೆ. ಆದ್ದರಿಂದ ಇದೊಂದರ ಮೇಲೆ ತೀರ್ಪು ಬೇಡ.

ಬ್ಲಾಕಿನ ಬುಡಕ್ಕೆ ಪೆನ್ಸಿಲ್ ಪುಡಿ ಸವರಿ ಕಾಗದ ಒತ್ತಿ ಅಚ್ಚು ತೆಗೆಯಿರಿ, ಕೇಸಿನ ಬಾಯಿಯ ಅಚ್ಚನ್ನೂ ತೆಗೆಯಿರಿ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ, ಕೇಸಿನಿಂದ ಮಿಶ್ರಣ ಮೇಲೇರುವ ಟ್ರಾನ್ಸ್‌ಫರ್ ದಾರಿಗಳು ಹೊಂದುತ್ತವೆಯೋ ಇಲ್ಲವೋ ಗೊತ್ತಾಗುತ್ತದೆ. ಒಂದು ಬದಿ ಸರಿಯಾಗಿ ಕೂತು ಇನ್ನೊಂದು ಬದಿ ಎರಡು ಮೂರು ಮಿ.ಮೀ. ಜಾರಿದ್ದರೆ ಎರಕ ಹೊಯ್ಯುವಾಗ ಒಳಗಿನ ಅಚ್ಚು ಸರಿದಿದೆ ಎಂದರ್ಥ. ಇಂಥ ಎಂಜಿನ್ ಐಡಲಿಂಗ್ ಚೆನ್ನಾಗಿಯೇ ಮಾಡುತ್ತದೆ, ಎಳೆಯುವುದಿಲ್ಲ. ಬ್ಲಾಕಿನ ತಲೆಯಿಂದ ಎರಡು ಎಕ್ಸಾಸ್ಟ್ ಕಿಟಕಿಗಳ ಮೇಲಂಚಿಗೆ ಎಷ್ಟು ದೂರ ಎಂದೂ ಅಳೆದು ನೋಡಿ. ಎರಡೂ ಒಂದೇ ಇರಬೇಕು.

ಬೋರ್ ಅಳೆಯುವುದು ಮೂರು ಎತ್ತರದಲ್ಲಿ, ಎರಡು ದಿಕ್ಕಿನಲ್ಲಿ. ರಿಂಗ್ ಓಡಾಡದ ಬುಡದ ಭಾಗ ಸವೆದಿರುವುದಿಲ್ಲ, ಬ್ಲಾಕ್ ಈಗ ಯಾವ ಸೈಜಿನಲ್ಲಿದೆ ಎಂದು ಅದೇ ಹೇಳುತ್ತದೆ: 65.00 ಇದ್ದರೆ ಇನ್ನೂ ಸ್ಟ್ಯಾಂಡರ್ಡ್, 65.25, 65.50 ಹೀಗೆ ಇದ್ದರೆ ಓವರ್‌ಸೈಜ್. ಮೇಲಕ್ಕೂ ಕೆಳಕ್ಕೂ 0.10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬರೀ ರಿಂಗ್ ಬದಲಿಸಿ ಪ್ರಯೋಜನವಿಲ್ಲ, ರೀಬೋರ್ ಬೇಕು. ಸವೆದ ಒರಿಜಿನಲ್ ಬ್ಲಾಕ್ ಎಸೆದು ಹೊಸ ಡೂಪ್ಲಿಕೇಟ್ ತರುವುದು ಬುದ್ಧಿವಂತಿಕೆಯಲ್ಲ. ಎಲ್ಲ ಓವರ್‌ಸೈಜ್ ಮುಗಿದಿದ್ದರೂ ಲೈನರ್ ಹಾಕಿಸಿ, ಕಿಟಕಿ ಕತ್ತರಿಸಿ ಸ್ಟ್ಯಾಂಡರ್ಡ್‌ಗೆ ತರಬಹುದು.

ಪಿಸ್ಟನ್ ವಿಷಯದಲ್ಲಿ ಮೈಕ್ರೋಮೀಟರ್‌ನಷ್ಟು ನಿಷ್ಠುರ ಸಾಕ್ಷಿ ಬೇರೆಯಿಲ್ಲ. ಸರಿಯಾದ ಪಿಸ್ಟನ್ ನೋಡಲು ಗುಂಡಗಿದ್ದರೂ ಗುಂಡಗಿರುವುದಿಲ್ಲ, ನೇರವೂ ಇರುವುದಿಲ್ಲ. ಸ್ಕರ್ಟ್ (ಪಿಸ್ಟನ್ನಿನ ಕೆಳಗಿನ ಗೋಡೆ) ಬುಡದಿಂದ ಸುಮಾರು 10 ಮಿ.ಮೀ. ಮೇಲೆ, ಗಜನ್ ಪಿನ್ನಿಗೆ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ಅಡ್ಡಲಾಗಿ ಅಳೆದಾಗ ಬರುವುದು ಅದರ ಅತಿ ದೊಡ್ಡ ಅಳತೆ. ಅದೇ ಎತ್ತರದಲ್ಲಿ ಪಿನ್ನಿನ ದಿಕ್ಕಿಗೆ ಅಳೆದರೆ ಕಡಿಮೆ ಬರಬೇಕು. ತಲೆಯ ಹತ್ತಿರ ಅಳೆದರೆ ಇನ್ನೂ ಕಡಿಮೆ, ಒಂದು ಮಿ.ಮೀ.ನ ಮೂರ್ನಾಲ್ಕು ದಶಾಂಶದಷ್ಟು ಕಡಿಮೆ. ಓಡುವಾಗ ತಲೆ ಹೆಚ್ಚು ಕಾಯುತ್ತದೆ, ಹೆಚ್ಚು ಹಿಗ್ಗುತ್ತದೆ. ಅಲ್ಯುಮಿನಿಯಂ ಹಿಗ್ಗುವುದು ಎರಕದ ಕಬ್ಬಿಣದ ಹತ್ತಿರ ಹತ್ತಿರ ಎರಡರಷ್ಟು. ಆ ಹಿಗ್ಗಿಗೆ ಮೊದಲೇ ಜಾಗ ಬಿಟ್ಟಿರುತ್ತಾರೆ. ಅಗ್ಗದ ಲೋಕಲ್ ಪಿಸ್ಟನ್ನನ್ನು ಲೇತಿನಲ್ಲಿ ನೆಟ್ಟಗೆ ತಿರುಗಿಸಿರುತ್ತಾರೆ. ಮೇಲೆ ಕೆಳಗೆ, ಉದ್ದಕ್ಕೆ ಅಡ್ಡಕ್ಕೆ ಎಲ್ಲ ಕಡೆ ಒಂದೇ ಅಳತೆ. ಅಂಥದ್ದು ಎಷ್ಟೇ ಚೆಂದದ ಡಬ್ಬಿಯಲ್ಲಿ ಬಂದರೂ ವಾಪಸ್ ಕೊಟ್ಟುಬಿಡಿ. ಬೋರ್ ಗ್ಯಾಪ್ ಹೆಚ್ಚು ಬಿಟ್ಟು ಅದನ್ನೇ ಹಾಕಿದರೆ ತಣ್ಣಗಿದ್ದಾಗ ಟಕಟಕ ಸದ್ದು, ಗ್ಯಾಪ್ ಕಡಿಮೆ ಬಿಟ್ಟರೆ ಸೀಜು.

ಪಿಸ್ಟನ್ ತಯಾರಕರು ಗ್ಯಾಪ್ ಹೇಳಿದ್ದರೆ ಅದನ್ನೇ ಇಡಿ. ಹೇಳದಿದ್ದರೆ ಈ ಬ್ಲಾಕಿಗೆ 0.06ರಿಂದ 0.08 ಮಿ.ಮೀ. ಸುರಕ್ಷಿತ. ಪಿಸ್ಟನ್ ಕೈಯಲ್ಲಿ ಇಲ್ಲದೆ ರೀಬೋರ್‌ಗೆ ಕೊಡಬೇಡಿ. ಮೊದಲು ಪಿಸ್ಟನ್, ಆಮೇಲೆ ಅದರ ಅಳತೆಗೆ ಬೋರ್. ರಿಂಗನ್ನು ಬೋರ್ ಒಳಗೆ ಇಟ್ಟು ಬಾಯಿಯ ಸಂದು ನೋಡಿ, 0.20ರಿಂದ 0.30 ಇರಲಿ. ರಿಂಗ್ ತಡೆಯುವ ಗೂಟ ಯಾವ ಕಿಟಕಿಯ ಎದುರಿಗೂ ಬರಬಾರದು. ಬಂದರೆ ಪಿಸ್ಟನ್ ಬೇರೆ ಮಾಡೆಲಿನದು.

ಹಳೆ ಪಿಸ್ಟನ್ ಪಿನ್, ರಿಂಗ್ ಸಮೇತ ತೂಕ ಹಾಕಿ ಬರೆದಿಡಿ. ಹೊಸದು ಇಪ್ಪತ್ತು ಮೂವತ್ತು ಗ್ರಾಂ ಹೆಚ್ಚು ತೂಗಿದರೆ, ಕ್ರ್ಯಾಂಕಿನ ಬ್ಯಾಲೆನ್ಸ್ ತಪ್ಪಿ ಹ್ಯಾಂಡಲ್, ಫುಟ್‌ರೆಸ್ಟ್ ನಡುಗುತ್ತವೆ. ಆ ನಡುಕಕ್ಕೆ ಜನ ಎಂಜಿನ್ ಮೌಂಟಿಂಗನ್ನು ಬೈಯುತ್ತಾರೆ.

ಕ್ರ್ಯಾಂಕ್

ಕ್ರ್ಯಾಂಕಿನ ಎರಡು ಚಕ್ರಗಳ ನಡುವೆ ಪಿನ್ನನ್ನು ಪ್ರೆಸ್ ಮಾಡಿ ಕೂರಿಸಿರುತ್ತಾರೆ. ಪಿನ್ನಿನ ತುದಿಯನ್ನು ಚಕ್ರದ ಹೊರಮೈಯಲ್ಲಿ ನೋಡಿ. ಶುಭ್ರವಾಗಿದ್ದರೆ ಒಳ್ಳೆಯದು. ಅಲ್ಲಿ ವೆಲ್ಡಿಂಗ್ ಹನಿ ಇದ್ದರೆ ಚಕ್ರದ ತೂತು ದೊಡ್ಡದಾಗಿ ಪಿನ್ ನಿಲ್ಲುತ್ತಿರಲಿಲ್ಲ ಎಂದರ್ಥ. ಆ ಕ್ರ್ಯಾಂಕ್ ಒರಿಜಿನಲ್ ಆಗಿದ್ದರೂ ಬೆಲೆ ಅರ್ಧ. ಚಕ್ರದ ಅಂಚಿನಲ್ಲಿ ಸುತ್ತಿಗೆಯ ತಗ್ಗು ಕಂಡರೆ ಹಿಂದೆ ಕನೆಕ್ಟಿಂಗ್ ರಾಡ್ ಕಿಟ್ ಬದಲಾಗಿದೆ.

ರಾಡ್ ಕಾರ್ಖಾನೆಯದೋ ಅಲ್ಲವೋ ಎನ್ನಲು ಅದರ ಪಕ್ಕದ ಗೆರೆ ನೋಡಿ. ಫೋರ್ಜ್ ಮಾಡಿದ ರಾಡಿನಲ್ಲಿ ಅಚ್ಚಿನ ಅಂಚು ಅಗಲವಾದ ಪಟ್ಟಿಯಾಗಿ, ಕತ್ತರಿಸಿ ಉಜ್ಜಿದ ಹಾಗೆ ಇರುತ್ತದೆ. ಎರಕದ ರಾಡಿನಲ್ಲಿ ದಾರದಂತೆ ತೆಳ್ಳನೆಯ ಗೆರೆ. ದಾರಕ್ಕೆ ಕಟ್ಟಿ ತೂಗುಹಾಕಿ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿದರೆ ಫೋರ್ಜ್ ಮಾಡಿದ್ದು ಠಣ್ ಎಂದು ಎಳೆಯುತ್ತದೆ, ಎರಕದ್ದು ಥಡ್ ಎಂದು ಸಾಯುತ್ತದೆ. ಎರಕದ ರಾಡ್ ಹಾಕಲೇಬಾರದು. ಅದು ಮುರಿದರೆ ಕೇಸು ತೂತು, ಆ ಕೇಸಿಗೆ ಮತ್ತೊಂದು ಜೋಡಿ ಸಿಗುವುದಿಲ್ಲ.

ಕಟ್ಟಿದ ಮೇಲೆ ವಿ-ಬ್ಲಾಕಿನ ಮೇಲೆ ಇಟ್ಟು ಡಯಲ್ ಗೇಜ್ ಹಿಡಿಸಿ. ಎರಡೂ ಬದಿ ಓಲಾಟ 0.03 ಮಿ.ಮೀ. ಒಳಗಿರಬೇಕು. ಲೇತಿನವರು ನಿಮ್ಮೆದುರಿಗೇ ತೋರಿಸಲಿ. ತೋರಿಸದವರ ಹತ್ತಿರ ಈ ಕೆಲಸ ಕೊಡಬೇಡಿ.

ಗೇರು, ಕವರು, ಕಾರ್ಬ್ಯುರೇಟರ್

ಗೇರಿಗೆ ಅರದ ಪರೀಕ್ಷೆ ಸಾಕು. ಹಲ್ಲಿನ ಕೆಲಸ ಮಾಡುವ ಮುಖ ಬಿಟ್ಟು ಮೂಲೆಯಲ್ಲಿ ಒಮ್ಮೆ ಅರ ಎಳೆಯಿರಿ. ಕಾರ್ಖಾನೆಯ ಗೇರಿನ ಮೇಲೆ ಅರ ಜಾರುತ್ತದೆ, ಮೆದು ಡೂಪ್ಲಿಕೇಟನ್ನು ಕಚ್ಚುತ್ತದೆ. ಗೇರನ್ನು ಗೇರಿಗೆ ಹಿಡಿಸುವ ಪಕ್ಕದ ಗೂಟಗಳ ಅಂಚು ದುಂಡಾಗಿದ್ದರೆ ಒರಿಜಿನಲ್ ಆದರೂ ಬೇಡ, ಗೇರ್ ಹಾರುತ್ತದೆ.

ಕವರ್‌ಗಳಲ್ಲಿ ನಕಲು ಜಾಸ್ತಿ, ಹಿಡಿಯುವುದು ಸುಲಭ. ಒರಿಜಿನಲ್ ಕವರನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದರೆ, ಅಲ್ಯುಮಿನಿಯಂ ಆರುವಾಗ ಸುಮಾರು ಶೇ. 1.3ರಷ್ಟು ಕುಗ್ಗುತ್ತದೆ. 200 ಮಿ.ಮೀ. ಉದ್ದದ ಕಡೆ ಎರಡೂವರೆ ಮಿ.ಮೀ. ಕಡಿಮೆ! ಅದಕ್ಕೇ ಅಂಥ ಕವರಿನ ಸ್ಕ್ರೂ ತೂತುಗಳನ್ನು ಅರದಿಂದ ಉಜ್ಜಿ ಮೊಟ್ಟೆಯಾಕಾರ ಮಾಡಿರುತ್ತಾರೆ. ಎರಡು ದೂರದ ತೂತುಗಳ ಅಂತರವನ್ನು ಕೇಸಿನ ಮೇಲಿನ ಅಂತರಕ್ಕೆ ತಾಳೆ ನೋಡಿದರೆ ಮುಗಿಯಿತು. ಒಳಮೈ ಕೂಡ ನೋಡಿ. ಮರಳೆರಕದಲ್ಲಿ ರವೆಯಂಥ ಒರಟು, ಉಬ್ಬಕ್ಷರದ ಮೂಲೆಗಳು ಕರಗಿದ ಹಾಗೆ ದುಂಡಗೆ. ಹೊರಮೈಗೆ ಬಫಿಂಗ್ ಮಾಡುತ್ತಾರೆ, ಒಳಮೈಗೆ ಯಾರೂ ಮಾಡುವುದಿಲ್ಲ.

ಜಿಕಾವ್ ಕಾರ್ಬ್ಯುರೇಟರಿನ ನಂಬರಿನ ಕೊನೆಯ ಎರಡು ಅಂಕಿ ಗಂಟಲಿನ ಅಳತೆ: 2924 ಎಂದರೆ 24 ಮಿ.ಮೀ., 2926 ಎಂದರೆ 26. ವರ್ನಿಯರ್ ಇಟ್ಟು ಅಳೆಯಿರಿ. ನಂಬರಿಗೂ ಗಂಟಲಿಗೂ ತಾಳೆಯಾಗದಿದ್ದರೆ ಬಾಡಿ ನಕಲು ಅಥವಾ ಯಾರೋ ಕೊರೆದಿದ್ದಾರೆ. ಬೋಲ್ಟ್ ಹಾಕುವ ಮುಖವನ್ನು ಗಾಜಿನ ಮೇಲಿಟ್ಟು ಅಲ್ಲಾಡಿಸಿ. ಅತಿಯಾಗಿ ಬಿಗಿದು ಬಾಗಿರುವುದು ಸಾಮಾನ್ಯ, ಇದು ನಕಲಿನ ಗುರುತಲ್ಲ. ಗಾಜಿನ ಮೇಲೆ ಎಮರಿ ಹಾಳೆ ಹಾಸಿ ಉಜ್ಜಿದರೆ ಸರಿಹೋಗುತ್ತದೆ. ಡೈನಮೋಗೆ ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಕಿಟ್ ಹಾಕಿಸುವವರು ಹಳೆಯ ಆರ್ಮೇಚರ್, ಪಾಯಿಂಟ್ ಪ್ಲೇಟನ್ನು ಗುಜರಿಗೆ ಹಾಕದೆ ಎಣ್ಣೆ ಕಾಗದದಲ್ಲಿ ಸುತ್ತಿಡಲಿ.

ಬೋಲ್ಟ್ ವಿಷಯ ಚಿಕ್ಕದಾದರೂ ಕೇಸು ಹಾಳಾಗುವುದು ಇಲ್ಲೇ. ಜಾವಾ ಪೂರ್ತಿ ಮೆಟ್ರಿಕ್. ಹಳೆ ಎನ್‌ಫೀಲ್ಡ್ ಬಿಚ್ಚುವ ಕಡೆ ಕಾಲು ಇಂಚಿನ ಬಿಎಸ್ಎಫ್ (ಹಳೆ ಬ್ರಿಟಿಷ್ ಅಳತೆಯ) ಬೋಲ್ಟ್‌ಗಳು ಬಿದ್ದಿರುತ್ತವೆ. ಅದರ ಪಿಚ್ (ತ್ರೆಡ್‌ನಿಂದ ತ್ರೆಡ್‌ಗೆ ಇರುವ ದೂರ) 26 ಟಿಪಿಐ, ಇಂಚಿಗೆ 26 ತ್ರೆಡ್, ಅಂದರೆ 0.977 ಮಿ.ಮೀ. ಎಂ6ರ ಪಿಚ್ 1 ಮಿ.ಮೀ. ಇಷ್ಟು ಹತ್ತಿರವಿರುವುದರಿಂದ ಒಳಗೆ ಹೊರಟೇ ಬಿಡುತ್ತದೆ. ಆದರೆ ದಪ್ಪ 6.35 ಮಿ.ಮೀ., ಅಲ್ಯುಮಿನಿಯಂ ತ್ರೆಡ್ಡನ್ನು ಕಿತ್ತುಕೊಂಡೇ ಹೋಗುತ್ತದೆ. ಬಿಗಿಯಾಗಿ ಬಿಚ್ಚಿಬಂದ ಪ್ರತಿ ಬೋಲ್ಟನ್ನೂ ಅಳೆಯಿರಿ.

ಒರಿಜಿನಲ್ ಬೇಡವಾದದ್ದು

ಕಾರ್ಖಾನೆಯ ಸೀಲ್ ಒಡೆಯದ ಪ್ಯಾಕೆಟ್ಟಿನ ಆಯಿಲ್ ಸೀಲ್ ಸಿಕ್ಕಿತೆಂದು ಹಿಗ್ಗಬೇಡಿ. ರಬ್ಬರಿಗೆ ಮೂವತ್ತು ವರ್ಷವಾಗಿದೆ, ಕಲ್ಲಾಗಿರುತ್ತದೆ. ಕ್ರ್ಯಾಂಕಿನ ಎಡಗಡೆ, ಪ್ರೈಮರಿ ಚೈನ್ ಬದಿಯ ಸೀಲ್ ಸೋತರೆ ಗೇರ್ ಆಯಿಲನ್ನು ಎಂಜಿನ್ ಎಳೆದುಕೊಳ್ಳುತ್ತದೆ. ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್ ಬಾಕ್ಸಿನ ಎಣ್ಣೆ ಇಳಿಯುತ್ತಿರುತ್ತದೆ. ಬಲಗಡೆ ಡೈನಮೋ ಬದಿಯದು ಸೋತರೆ ಹೊಗೆಯಿಲ್ಲ, ಎಣ್ಣೆಯಿಲ್ಲ, ಬರೀ ಗಾಳಿ ಎಳೆದು ಎಂಜಿನ್ ಸೀಜ್ ಆಗುತ್ತದೆ. ಎರಡನೆಯದೇ ಅಪಾಯ. ಸೀಲ್, ಗ್ಯಾಸ್ಕೆಟ್, ಕ್ಲಚ್ ಪ್ಲೇಟ್ ಹೊಸದೇ ಹಾಕಿ. ಬೇರಿಂಗ್ ಕೂಡ ಹಾಗೆಯೇ. ಹಳೆಯದರ ಮೇಲಿನ ನಂಬರ್, ಅದರ ಮುಂದೆ ಸಿ3 ಎಂದಿದ್ದರೆ ಅದನ್ನೂ ಬರೆದುಕೊಂಡು ಒಳ್ಳೆಯ ಕಂಪನಿಯ ಹೊಸದನ್ನು ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ತನ್ನಿ. ಬೇರಿಂಗ್‌ನಲ್ಲೂ ನಕಲಿ ಡಬ್ಬಿ ಧಾರಾಳ.

ಅಂಗಡಿಯಲ್ಲಿ, ಆರ್‌ಟಿಒದಲ್ಲಿ

ಮೈಸೂರಿನಲ್ಲಾಗಲಿ ಬೆಂಗಳೂರಿನ ಜೆಸಿ ರಸ್ತೆಯಲ್ಲಾಗಲಿ ಪಾರ್ಟ್ ಕೇಳಲು ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ‘ಕಂಪನಿ ಮಾಲು ಸಾರ್’ ಎಂಬ ಮಾತಿಗೆ ಉತ್ತರವಾಗಿ ವರ್ನಿಯರ್ ಹೊರಗೆ ತೆಗೆಯಿರಿ. ಒಳ್ಳೆಯ ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ. ಹೊಳೆಯುವ ಹೊಸ ಲೇಬಲ್, ಹೊಸ ಪ್ಲಾಸ್ಟಿಕ್, ಒಳಗೆ ಹಳೆ ಗ್ರೀಸ್ ಬಳಿದ ಪಾರ್ಟ್ ಕಂಡರೆ ಗ್ರೀಸ್ ಒರೆಸಿ ನೋಡಿ. ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ. ಬೆರಳಿಗೆ ಸಲೀಸಾಗಿ ಬಂದರೆ ಮೊನ್ನೆ ಬಳಿದದ್ದು.

50 ವರ್ಷ ದಾಟಿದ ಗಾಡಿಗಳಿಗೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಎಂಬ ಅಕ್ಷರ. ಗಾಡಿ ಮೂಲ ರೂಪದಲ್ಲಿರಬೇಕು, ಎಂಜಿನ್, ಚಾಸಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಕೇಸು, ಕಾರ್ಬ್ಯುರೇಟರ್ ಒರಿಜಿನಲ್ ಇರುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಜಾವಾ ಹೆಸರಿನವು ಹೆಚ್ಚೂಕಡಿಮೆ ಎಲ್ಲವೂ ಈ ವಯಸ್ಸಿಗೆ ಬಂದಿವೆ, ರೋಡ್‌ಕಿಂಗ್ 2028ರವರೆಗೆ ಕಾಯಬೇಕು. ಆದರೆ ವಿಂಟೇಜ್ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ನಿತ್ಯ ಆಫೀಸಿಗೋ ಗದ್ದೆಗೋ ಅದರಲ್ಲೇ ಹೋಗುವವರು ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸುವ ಮಾಮೂಲಿ ದಾರಿಯಲ್ಲೇ ಇರುವುದು ಮೇಲು.

ಮುಚ್ಚುವ ಮೊದಲು ಒಂದು ಸಲ

ಎಲ್ಲ ಸೇರಿತು ಎಂದಾಗ ಸೀಲ್ ಹಾಕದೆ, ಪೇಸ್ಟ್ ಹಚ್ಚದೆ, ರಿಂಗ್ ಇಲ್ಲದ ಪಿಸ್ಟನ್ನಿನೊಂದಿಗೆ ಒಮ್ಮೆ ಜೋಡಿಸಿ. ಬ್ಲಾಕಿನ ಬುಡಕ್ಕೆ ಮಾತ್ರ ಗ್ಯಾಸ್ಕೆಟ್ ಇರಲಿ. ಹೆಡ್ ಬಿಟ್ಟು, ಪಿಸ್ಟನ್ನನ್ನು ಪೂರ್ತಿ ಕೆಳಕ್ಕೆ ಇಳಿಸಿ ಮೇಲಿಂದ ಟಾರ್ಚ್ ಬಿಡಿ. ಪಿಸ್ಟನ್ನಿನ ತಲೆ ಎಕ್ಸಾಸ್ಟ್, ಟ್ರಾನ್ಸ್‌ಫರ್ ಕಿಟಕಿಗಳ ಕೆಳಂಚಿಗೆ ಸಮನಾಗಿ ನಿಲ್ಲಬೇಕು. ಎರಡು ಮಿ.ಮೀ. ಮೇಲೆ ನಿಂತರೆ ಕಿಟಕಿ ಪೂರ್ತಿ ತೆರೆಯುತ್ತಿಲ್ಲ. ಪಿಸ್ಟನ್, ರಾಡ್, ಬ್ಲಾಕ್ ಈ ಮೂರರಲ್ಲಿ ಒಂದು ಬೇರೆ ಮಾಡೆಲಿನದು. ಪೂರ್ತಿ ಮೇಲಕ್ಕೆ ತಂದು ಕಾರ್ಬ್ಯುರೇಟರ್ ಬಾಯಿಯಿಂದ ನೋಡಿ, ಸ್ಕರ್ಟ್ ಇನ್‌ಲೆಟ್ಟನ್ನು ಮುಚ್ಚಿಕೊಂಡಿರಬಾರದು. ಆಮೇಲೆ ಪಿಸ್ಟನ್ ತಲೆಯ ಅಂಚಿಗೆ ಬೆಸುಗೆಯ ಸೀಸದ ತಂತಿ ಇಟ್ಟು, ಗ್ಯಾಸ್ಕೆಟ್ ಸಮೇತ ಹೆಡ್ ಬಿಗಿದು ಒಂದು ಸುತ್ತು ತಿರುಗಿಸಿ. ತಂತಿ ಕಾಗದದಂತೆ ಚಪ್ಪಟೆಯಾದರೆ ಹೆಡ್ಡಿಗೆ ತಾಗುತ್ತದೆ, ಸ್ವಲ್ಪವೂ ಒತ್ತದಿದ್ದರೆ ಕಂಪ್ರೆಷನ್ ಸಾಲದು. ಈ ಹಂತದಲ್ಲಿ ತಪ್ಪು ಸಿಕ್ಕರೆ ನಾಲ್ಕು ನಟ್ಟು ಬಿಚ್ಚಿದರಾಯಿತು. ಸೀಲ್ ಕೂರಿಸಿ ಮುಚ್ಚಿದ ಮೇಲೆ ಸಿಕ್ಕರೆ ಗ್ಯಾಸ್ಕೆಟ್ ಸೆಟ್ಟೂ ದಂಡ, ಲೇತಿಗೆ ಕೊಟ್ಟ ಕೂಲಿಯೂ ದಂಡ.